ಯಾರು ಹಾಕಿದ ಜಡೆ

ಸ್ನಾನ ಮಾಡಿಸಿದವಳೇ ಜಡೆ ಹಾಕಬೇಕು ಎಂಬುದು ನಮ್ಮಲ್ಲಿಯ ರೂಢಿ. ಯಾರೂ ಇದನ್ನು ಬರೆದು ಗೋಡೆಗೆ ಅಂಟಿಸಿರಲಿಲ್ಲ. ಬೈರಿದೇವರಕೊಪ್ಪದಲ್ಲಿ ಮುಖ್ಯರಸ್ತೆ ಬಿಟ್ಟು ಒಳಗೆ ನಡೆದರೆ ಸಿಗುವ ಎರಡಂತಸ್ತಿನ ವಸತಿಗೃಹ ನಮ್ಮದು. ಬುದ್ಧಿ ಬೆಳೆಯದ, ಕೇಳುವವರಿಲ್ಲದ ಇಪ್ಪತ್ತು ಮೂವತ್ತು ಹೆಣ್ಣುಮಕ್ಕಳು ಅಲ್ಲಿದ್ದಾರೆ. ಅವರ ಊಟ, ಬಟ್ಟೆ, ಸ್ನಾನ ನೋಡಿಕೊಳ್ಳಲು ನಾವು ಏಳು ಜನ ಆಯಾಗಳು. ಒಬ್ಬೊಬ್ಬಳ ಕೈ ಒಂದೊಂದು ಥರ. ಬೆಳಗಿನ ಚಹಾ ಮುಗಿಸಿ ಮೇಲ್ವಿಚಾರಕಿ ಮೇಡಂ ಒಂದು ಸುತ್ತು ಬರುತ್ತಿದ್ದರು. ಸಾಲಾಗಿ ಕೂತ ತಲೆಗಳನ್ನು ನೋಡಿದರೆ ಸಾಕು, ಯಾರಿಗೆ ಯಾರು ಸ್ನಾನ ಮಾಡಿಸಿದ್ದಾರೆಂದು ಅವರಿಗೆ ಗೊತ್ತಾಗುತ್ತಿತ್ತು.

ನನ್ನದು ಸಡಿಲ ಜಡೆ. ಕುತ್ತಿಗೆಯ ಹತ್ತಿರ ಶುರುವಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಬಿಚ್ಚಿಕೊಂಡಿರುತ್ತಿತ್ತು. "ಇದೇನು ಹೆರಳ ಹಾಕೀಯೋ, ಎತ್ತಿನ ಬಾಲಾ ಬಿಟ್ಟೀಯೋ?" ಎಂದು ನಮ್ಮ ಹಿರಿಯ ಆಯಾ ನನ್ನನ್ನು ದಿನಾ ಕಾಡಿಸುತ್ತಿದ್ದಳು. ಅವಳದು ಬೇರೆ. ನೆತ್ತಿಗೆ ಎಣ್ಣೆ ಸುರಿದು, ಕೂದಲನ್ನು ಹಿಂದಕ್ಕೆಳೆದು, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹೆಣೆದು, ಮಡಚಿ, ಕೆಂಪು ರಿಬ್ಬನ್ನಿನಲ್ಲಿ ಎರಡು ಗಂಟು ಹಾಕುತ್ತಿದ್ದಳು. ಮರುದಿನ ಬೆಳಿಗ್ಗೆಯವರೆಗೆ ಒಂದು ಕೂದಲೂ ಹೊರಗೆ ಬರುತ್ತಿರಲಿಲ್ಲ.

ನಾನು ಮೊದಲಿನಿಂದಲೂ ಸಿಡುಕಿ. ನನ್ನದು ಬಾಯಿ ಜೋರು, ಕೈ ಜೋರಲ್ಲ ಎಂದು ಹೇಳಿಕೊಂಡೇ ತಿರುಗುತ್ತಿದ್ದೆ. ಅಕ್ಕ ನನಗೆ ತದ್ವಿರುದ್ಧ. ಹಿರಿಯ ಆಯಾಳನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಇಪ್ಪತ್ತು ವರ್ಷ ಅಲ್ಲಿ ಕೆಲಸ ಮಾಡಿದ ಹೆಂಗಸು, ದನಿ ಏರಿಸಿದ್ದನ್ನು ನಾನು ಕೇಳಿದ್ದಿಲ್ಲ. ಗಂಡ ತೀರಿಕೊಂಡು ನಾನು ಕಮರಿಪೇಟೆಯ ಮನೆಯಲ್ಲಿ ಮಂಕಾಗಿ ಕೂತಿದ್ದಾಗ ಕೈ ಹಿಡಿದು ಎಬ್ಬಿಸಿ ಈ ಕೆಲಸಕ್ಕೆ ತಂದವಳು ಅವಳೇ. ನನ್ನ ಮಗಳಿಗೆ ಡೆಂಗಿ ಬಂದು ದವಾಖಾನೆಯಲ್ಲಿದ್ದಾಗ ನಾಲ್ಕು ದಿನ ಹಾಸಿಗೆಯ ಪಕ್ಕ ಕೂತವಳು ಅವಳು. ಊಟದ ಡಬ್ಬಿ ಬಿಚ್ಚಿದರೆ ಮೊದಲ ತುತ್ತು ನನ್ನ ತಾಟಿಗೆ ಹಾಕುತ್ತಿದ್ದಳು. ನನಗೆ ತವರುಮನೆ ಅಂತ ಉಳಿದಿದ್ದರೆ ಅದು ಅವಳೇ ಆಗಿದ್ದಳು.

ಇನ್ನು ಕೂಸು. ಮೂವತ್ತು ದಾಟಿದ್ದರೂ ಎಲ್ಲರೂ ಅವಳನ್ನು ಕೂಸು ಅಂತಲೇ ಕರೆಯುತ್ತಿದ್ದೆವು. ಸಣ್ಣವಳಿದ್ದಾಗ ಬಸ್ ನಿಲ್ದಾಣದಲ್ಲಿ ಸಿಕ್ಕವಳಂತೆ. ಮಾತಿಲ್ಲ, ಗುನುಗು ಒಂದೇ. ಖುಷಿಯಾದರೆ ಮೂಗಿನಲ್ಲೇ ಏನೋ ಒಂದು ರಾಗ ಎಳೆಯುತ್ತಿದ್ದಳು, ಮಹಡಿ ಮೇಲಿದ್ದರೂ ಕೇಳಿಸುತ್ತಿತ್ತು. ನಮಗೆಲ್ಲ ಅವಳು ಕೈಯಿಂದಲೇ ಹೆಸರಿಟ್ಟಿದ್ದಳು, ಅದೂ ನಾವು ಹಾಕುವ ಜಡೆಯಿಂದ. ಮುಷ್ಟಿಯಲ್ಲಿ ತನ್ನ ಕೂದಲು ಹಿಡಿದು ಮೇಲಕ್ಕೆ ಎಳೆದುಕೊಂಡರೆ ಅಕ್ಕ. ಕುತ್ತಿಗೆಯ ಹಿಂದಿನಿಂದ ಕೈಯನ್ನು ಸಡಿಲವಾಗಿ ಕೆಳಕ್ಕೆ ಇಳಿಬಿಟ್ಟರೆ ನಾನು. ಬುದ್ಧಿಯಿಲ್ಲ ಅಂತ ಯಾರು ಹೇಳಿದರೋ ಅವರ ಬುದ್ಧಿಗಿಷ್ಟು ಎಂದು ನಾನು ಬೈದುಕೊಳ್ಳುತ್ತಿದ್ದೆ.

ಅವಳ ಸ್ನಾನ ನನ್ನ ಪಾಲಿಗಿತ್ತು. ಭಾನುವಾರ ನನಗೆ ರಜೆ, ಅವತ್ತು ಮಾತ್ರ ಅಕ್ಕ ಎರೆಯುತ್ತಿದ್ದಳು. ಕೂಸಿಗೆ ನೀರೆಂದರೆ ಪ್ರಾಣ. ಬಕೆಟ್ಟಿನೊಳಗೆ ಅಂಗೈ ಬಡಿದು ನನ್ನ ಸೀರೆಯನ್ನೆಲ್ಲ ತೋಯಿಸಿ ನಗುತ್ತಿದ್ದಳು. ಹಾಗಿದ್ದವಳು ಒಂದು ಸೋಮವಾರ ಸ್ನಾನದ ಮನೆಯ ಬಾಗಿಲಲ್ಲೇ ಕೂತುಬಿಟ್ಟಳು. ಬಕೆಟ್ಟಿನ ಹಿಡಿಕೆ ಖಣ್ ಎಂದರೆ ಸಾಕು, ಲಂಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಮುದುಡುತ್ತಿದ್ದಳು. ನನಗೆ ಸಿಟ್ಟು ಬಂತು. "ಹಟಾ ಮಾಡಬ್ಯಾಡ, ಇನ್ನ ನಾಕ ಮಂದಿ ಕುಂತಾರ ಹೊರಗ," ಎಂದು ಗದರಿದೆ. ಆ ಸಲ ಮೈಮೇಲೆ ಗಾಯವೇನೂ ಕಾಣಲಿಲ್ಲ. ಅದರ ಮುಂದಿನ ಸೋಮವಾರವೂ ಹಾಗೆಯೇ ಆಯಿತು. ಅವತ್ತು ರಮಿಸಿ ಒಳಗೆ ಕರೆದುಕೊಂಡು ಹೋಗಿ ಲಂಗ ಬಿಚ್ಚಿದೆ. ಎಡತೊಡೆಯ ಮೇಲೆ ಅಂಗೈಯಷ್ಟು ಅಗಲ ಚರ್ಮ ಕೆಂಪಗಾಗಿತ್ತು, ನಡುವೆ ನೀರು ತುಂಬಿದ ಗುಳ್ಳೆ.

"ಯಾರವ್ವಾ?" ಎಂದು ಕೇಳಿದೆ. ಅವಳಿಗೆ ಉತ್ತರ ಕೊಡಲು ಬರುವುದಿಲ್ಲ ಎಂಬ ಧೈರ್ಯದಲ್ಲೇ ಕೇಳಿದೆನೋ ಏನೋ. ಕೂಸು ನನ್ನ ಮುಖ ನೋಡಿದಳು. ಆಮೇಲೆ ಮುಷ್ಟಿಯಲ್ಲಿ ಕೂದಲು ಹಿಡಿದು ಮೇಲಕ್ಕೆ ಎಳೆದುಕೊಂಡಳು.

ಅಲ್ಲಿಗೆ ಎಲ್ಲ ಗೊತ್ತಾಗಿತ್ತು. ಆಗ ಗೊತ್ತಾಗಲಿಲ್ಲ ಎಂದು ನಾನು ಇವತ್ತು ಯಾರ ಮುಂದೆಯೂ ಹೇಳಲಾರೆ. ಆ ತಿಂಗಳು ಕೂಸು ಹಾಸಿಗೆ ಒದ್ದೆ ಮಾಡಲು ಶುರುಮಾಡಿದ್ದಳು. ಶನಿವಾರ ಒದ್ದೆಯಾದ ಹಾಸಿಗೆ ಭಾನುವಾರ ಅಕ್ಕನ ಪಾಲಿಗೆ ಬರುತ್ತಿತ್ತು. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಕುದಿನೀರಿನ ಶಿಕ್ಷೆ ಎಂಬ ಲೆಕ್ಕ ಕೂಡಿಸಲು ನನಗೆ ಸಾಲಿ ಕಲಿತಿರಬೇಕಾದ ಅಗತ್ಯವಿರಲಿಲ್ಲ.

ಏನು ಮಾಡಬೇಕೆಂಬುದೂ ಗೊತ್ತಿತ್ತು. ಅದಕ್ಕೆ ಆರು ತಿಂಗಳ ಹಿಂದೆ ಧಾರವಾಡದಿಂದ ತರಬೇತಿ ಕೊಡುವ ಟೀಚರಮ್ಮ, ನಮ್ಮ ಮಾತಿನಲ್ಲಿ ಬಾಯಾರು, ಒಬ್ಬರು ಬಂದು ಒಂದು ಮಧ್ಯಾಹ್ನ ನಮಗೆಲ್ಲ ಹೇಳಿಕೊಟ್ಟು ಹೋಗಿದ್ದರು. ಕೂಡ ಕೆಲಸ ಮಾಡುವವರ ಮೇಲೆ ಸಂಶಯ ಬಂದರೆ ಕಂಡದ್ದನ್ನು ಕಂಡ ದಿನವೇ ಬರೆದು ಮೇಡಂ ಕೈಗೆ ಕೊಡಬೇಕು. ನಾವೇ ವಿಚಾರಣೆ ಮಾಡಬಾರದು. ಯಾರ ಬಗ್ಗೆ ಬರೆಯುತ್ತೇವೋ ಅವರಿಗೆ ಮೊದಲು ಹೇಳಬಾರದು. ಈ ಕೊನೆಯ ಮಾತಿಗೆ ಅಡುಗೆಯವಳು ಎದ್ದುನಿಂತು, "ಮುಂದ ಹೇಳದ ಹಿಂದ ಬರದ್ರ ಅದು ಚಾಡಿ ಆಗ್ತೈತಲ್ರಿ ಬಾಯಾರ?" ಎಂದಿದ್ದಳು. ನಾವೆಲ್ಲ ಹೌದೆಂದು ತಲೆಯಾಡಿಸಿದ್ದೆವು. ಅಕ್ಕ ಕೂಡ.

ಬಾಯಾರು ನಗಲಿಲ್ಲ. "ಚಾಡಿ ಅಲ್ರಿ ಅದು. ನೀವು ಹೇಳಿದ್ದು ಕೇಳಿ ಆಕಿಗೆ ಸಿಟ್ಟು ಬರ್ತೈತಿ. ಆ ಸಿಟ್ಟು ತಗೊಂಡು ಆಕಿ ಎಲ್ಲಿಗೆ ಹೋಗ್ತಾಳ? ನಿಮ್ಮ ಹಂತ್ಯಾಕ ಬರಂಗಿಲ್ಲ. ಬಾಯಿ ಇಲ್ಲದವರ ಖೋಲಿಗೆ ಹೋಗ್ತಾಳ," ಎಂದಿದ್ದರು.

ಈ ಮಾತು ಅಷ್ಟಕ್ಕಷ್ಟು ನೆನಪಿತ್ತು ನನಗೆ. ಆದರೂ ನಾನು ಹೋದದ್ದು ಅಕ್ಕನ ಹತ್ತಿರ. ನಾವು ಬೆಳೆದದ್ದೇ ಹಾಗೆ. ಹಿರಿಯರ ತಪ್ಪು ಕಂಡರೆ ಅವರ ಕಿವಿಗೆ ಮೊದಲು ಹಾಕಬೇಕು, ಅದು ಮರ್ಯಾದೆ. ಒಂದೇ ತಾಟಿನಲ್ಲಿ ಉಂಡವಳ ಮೇಲೆ ಕಾಗದ ಬರೆಯಲು ನನಗೆ ಮನಸ್ಸು ಬರಲಿಲ್ಲ. ಹೇಳಿದರೆ ತಿದ್ದಿಕೊಳ್ಳುತ್ತಾಳೆ, ಮನೆಯ ಮಾತು ಮನೆಯಲ್ಲೇ ಮುಗಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಂದು ಮಧ್ಯಾಹ್ನ ಅವಳು ಹಿಂದಿನ ಕಟ್ಟೆಯ ಮೇಲೆ ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದಳು. ನಾನೂ ಒಂದು ಸಿವುಡು ಎತ್ತಿಕೊಂಡು ಪಕ್ಕಕ್ಕೆ ಕೂತೆ.

"ಅಕ್ಕಾ, ಕೂಸಿನ ತೊಡಿ ಸುಟ್ಟೈತಿ," ಎಂದೆ.

ಅವಳ ಕೈ ನಿಲ್ಲಲಿಲ್ಲ. ಎಲೆ ಒಂದು ಕಡೆ, ದಂಟು ಒಂದು ಕಡೆ ಬೀಳುತ್ತಲೇ ಇತ್ತು. "ಹೌದಾ? ಗೀಜರ್ ಕೆಟ್ಟಿರಬೇಕವಾ. ಒಮ್ಮೊಮ್ಮಿ ಕುದಿಯೋ ನೀರು ಬರ್ತಾವ."

"ಮುಂಜಾನೆ ನಾ ತಿರುವಿದಾಗ ಸರಿ ಇತ್ತಲ್ಲಾ."

"ಒಮ್ಮೊಮ್ಮಿ ಅಂದೆ." ಈಗ ಅವಳು ನನ್ನನ್ನು ನೋಡಿದಳು. ಅದೇ ಮೆತ್ತನೆಯ ಮುಖ. "ಮೇಡಂ ಮುಂದ ಹೇಳೀಯೇನು?"

"ಇಲ್ಲ. ಮೊದಲ ನಿನಗ ಹೇಳಬೇಕಂತ ಬಂದೆ."

"ಛಲೋ ಮಾಡಿದಿ ತಂಗಿ. ನೀ ತಲಿ ಕೆಡಿಸ್ಕೋಬ್ಯಾಡ. ನಾ ನೋಡ್ಕೋತೇನಿ," ಎಂದು ನನ್ನ ಮಡಿಲಿನ ಸಿವುಡನ್ನೂ ತನ್ನ ಕಡೆಗೆ ಎಳೆದುಕೊಂಡಳು.

ನನಗೆ ಹಗುರಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜವಾಗಿ ಹಗುರಾಯಿತು. ಗೀಜರಿನ ಮಾತು ಸುಳ್ಳೆಂದು ಗೊತ್ತಿದ್ದೂ ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಿಶ್ಚಿಂತೆಯಿಂದ ತೂಕಡಿಸಿದೆ.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಹಜಾರದಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ಕೂಸಿನ ತಲೆಯ ಮೇಲೆ ಬಿಗಿಯಾದ ಜಡೆ ಇತ್ತು, ಮಡಚಿ, ಕೆಂಪು ರಿಬ್ಬನ್ನಿನ ಎರಡು ಗಂಟು. ಅವತ್ತು ಮಂಗಳವಾರ.

"ನಿನಗ ತ್ರಾಸ ಆಗೂದು ಬ್ಯಾಡಂತ ಕೂಸಿನ್ನ ನಾನ ಇಟ್ಕೊಂಡೇನಿ," ಎಂದಳು ಅಕ್ಕ. ಯಾರಿಗೆ ಯಾವ ಕೆಲಸ ಎಂದು ಹಂಚುವವಳೂ ಅವಳೇ. ನನ್ನನ್ನು ಬಟ್ಟೆ ಒಗೆಯುವ ಕೆಲಸಕ್ಕೆ ಹಾಕಿ ಮಾಳಿಗೆಗೆ ಕಳಿಸಿದಳು. ನಾನು ಹೋದೆ. ಬಾಯಿ ಜೋರು ಎಂದು ಮೆರೆಯುತ್ತಿದ್ದವಳ ಬಾಯಿಗೆ ಅವತ್ತು ಬೀಗ ಬಿದ್ದಿತ್ತು.

ಮುಂದಿನ ದಿನಗಳಲ್ಲಿ ಹೊರಗಿನಿಂದ ನೋಡಿದವರಿಗೆ ಏನೂ ಕಾಣುತ್ತಿರಲಿಲ್ಲ. ಅಕ್ಕ ಮೊದಲಿಗಿಂತ ಹೆಚ್ಚು ಪ್ರೀತಿ ಮಾಡಿದಳು. ನನಗಂತಲೇ ಥಾಲಿಪೆಟ್ಟು ಮಾಡಿ ತಂದಳು, ಮಗಳ ಪರೀಕ್ಷೆ ಹೇಗಾಯಿತೆಂದು ಕೇಳಿದಳು. ಆದರೆ ಸ್ನಾನದ ಮನೆಯ ಬಾಗಿಲು ಈಗ ಒಳಗಿನಿಂದ ಹಾಕಿರುತ್ತಿತ್ತು. ಮೊದಲು ಯಾರೂ ಚಿಲಕ ಹಾಕುತ್ತಿರಲಿಲ್ಲ. ಜಾರಿ ಬಿದ್ದರೆ ಓಡಿಹೋಗಲು ಬೇಕೆಂದು ಬಾಗಿಲನ್ನು ಬರೇ ಮುಂದೆ ಎಳೆದಿರುತ್ತಿದ್ದೆವು. ಕೂಸಿನ ಸರದಿ ಬಂದಾಗ ಒಳಗೆ ನಳ ಜೋರಾಗಿ ಬಿಟ್ಟಿರುತ್ತಿತ್ತು. ನೀರಿನ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಮಾಳಿಗೆಯ ಮೇಲೆ ನಾನು ಕಿವಿಗೊಟ್ಟು ನಿಲ್ಲುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಗುನುಗು ನಿಂತುಹೋಗಿದೆ ಎಂದು ಗಮನಕ್ಕೆ ಬಂತು. ಆಮೇಲೆ ಇನ್ನೊಂದು. ಒಗೆಯಲು ಬಂದ ಗಂಟಿನಲ್ಲಿ ಎಲ್ಲರ ಲಂಗ, ರವಿಕೆ, ನೈಟಿ ಇರುತ್ತಿದ್ದವು. ಒಬ್ಬೊಬ್ಬರ ಬಟ್ಟೆಗೆ ಒಂದೊಂದು ಬಣ್ಣದ ದಾರದ ಗುರುತು. ಕೂಸಿನದು ಹಸಿರು ದಾರ. ಒಂದೊಂದೇ ಬಿಡಿಸಿ ನೋಡಿದೆ. ಹಸಿರು ದಾರದ ಬಟ್ಟೆ ಒಂದೂ ಬಂದಿರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮರುದಿನ ಹಿಂದಿನ ಕಟ್ಟೆಯಲ್ಲಿ ಅಕ್ಕ ಒಬ್ಬಳೇ ಕೂತು ಏನನ್ನೋ ತಣ್ಣೀರಲ್ಲಿ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಕೈ ಎತ್ತಿ ನಕ್ಕಳು, ನಾನೂ ನಕ್ಕೆ.

ನನಗೆ ಹೆದರಿಕೆಯಾಗಿತ್ತು. ಅಕ್ಕನ ಹೆದರಿಕೆಯಲ್ಲ. ಈಗ ಬರೆದರೆ, ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಯ ಹೆದರಿಕೆ. ಒಂದು ದಿನ ತಡವಾದದ್ದಕ್ಕೆ ಇನ್ನೊಂದು ದಿನ ತಡಮಾಡಿದೆ.

ಒಂಬತ್ತನೆಯ ದಿನ ಬಟ್ಟೆಯ ಬುಟ್ಟಿ ಹೊತ್ತು ಮೆಟ್ಟಿಲು ಇಳಿಯುತ್ತಿದ್ದೆ. ಕೆಳಗಿನ ಹಜಾರದಲ್ಲಿ ಅಕ್ಕ ಕೂಸಿನ ಮೊಣಕೈ ಹಿಡಿದು ನಡೆಸಿಕೊಂಡು ಹೋಗುತ್ತಿದ್ದಳು. ಕೂಸು ಕಾಲು ಅಗಲಿಸಿ, ನೆಲ ಚುಚ್ಚುತ್ತದೇನೋ ಅನ್ನುವ ಹಾಗೆ ಹೆಜ್ಜೆ ಇಡುತ್ತಿದ್ದಳು. ನನ್ನನ್ನು ನೋಡಿ ನಿಂತಳು. ಕೈಯನ್ನು ಕುತ್ತಿಗೆಯ ಹಿಂದಕ್ಕೆ ಒಯ್ದು ಸಡಿಲವಾಗಿ ಕೆಳಕ್ಕೆ ಇಳಿಬಿಟ್ಟಳು. ಅದು ನನ್ನ ಹೆಸರು. ಮತ್ತೊಮ್ಮೆ ಮಾಡಿದಳು. ಅಕ್ಕ ಆ ಕೈಯನ್ನು ಹಿಡಿದು ಕೆಳಗಿಳಿಸಿ, "ಸುಮ್ನ ನಡಿ ನಮ್ಮವ್ವಾ," ಎಂದು ಮುದ್ದಿನಿಂದಲೇ ಹೇಳಿ ಕೋಣೆಯೊಳಗೆ ಕರೆದುಕೊಂಡು ಹೋದಳು.

ಬುಟ್ಟಿ ಅಲ್ಲೇ ಇಟ್ಟು ಮೇಡಂ ಕೋಣೆಗೆ ಹೋದೆ. ಕಾಗದ ಕೇಳಿ ಅವರ ಎದುರೇ ಕೂತು ಬರೆದೆ. ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಅವತ್ತು ಇನ್ನೂ ಕೆಟ್ಟದಾಗಿ ಬಂತು. ಮೇಡಂ ಓದುತ್ತ ಓದುತ್ತ ಎದ್ದುನಿಂತರು.

"ಇದು ಆಕಿಗೆ ಗೊತ್ತೈತೇನು, ನೀ ನೋಡಿದ್ದು?" ಎಂದು ಕೇಳಿದರು.

"ಗೊತ್ತೈತ್ರಿ. ನಾನ ಹೇಳೇನಿ. ನಿಮ್ಮ ಹಂತ್ಯಾಕ ಬರೂಕಿಂತ ಮೊದಲ."

ಅವರು ಚಪ್ಪಲಿ ಮೆಟ್ಟುವುದನ್ನೂ ಮರೆತು ಕೂಸಿನ ಕೋಣೆಗೆ ನಡೆದರು. ಕೂಸು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊದಿಕೆ ಸರಿಸಿದಾಗ ಬಂದ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ದವಾಖಾನೆಯಲ್ಲಿ ವೈದ್ಯೆ ಒಂದೊಂದೇ ಗಾಯ ನೋಡಿ ಬರೆಸುತ್ತಿದ್ದರು. ನಾನು ಕೂಸಿನ ತಲೆ ಹಿಡಿದುಕೊಂಡು ನಿಂತಿದ್ದೆ. ತೊಡೆಯ ಮೇಲಿನದು ಹಳೆಯದು, ಒಣಗುತ್ತ ಬಂದಿದೆ ಎಂದರು. ಬೆನ್ನಿನ ಎರಡು, ಪಾದದ ಒಂದು ಹಸಿ, ಕೀವು ತುಂಬಿವೆ, ಒಂದು ವಾರದ ಈಚಿನವು ಎಂದರು. ಆ ವಾರ ನನ್ನದು. ಮೆಂತ್ಯಪಲ್ಲೆಯ ಕಟ್ಟೆಯಿಂದ ಮೇಡಂ ಕೋಣೆಯವರೆಗಿನ ವಾರ. ಮೊದಲ ಗಾಯ ಅಕ್ಕ ಮಾಡಿದ್ದು. ಉಳಿದ ಮೂರರಲ್ಲಿ ನನ್ನ ಪಾಲಿದೆ, ಇದನ್ನು ಯಾರು ಎಷ್ಟು ಸಮಾಧಾನ ಹೇಳಿದರೂ ನಾನು ಒಪ್ಪುವುದಿಲ್ಲ.

ಪೊಲೀಸರು ಬಂದರು, ವಿಚಾರಣೆಯಾಯಿತು. ಅಕ್ಕ ಮೊದಲು ಗೀಜರ್ ಎಂದಳು. ಸ್ನಾನ ಮಾಡಿಸಿದ್ದು ಯಾರೆಂದು ನೆನಪಿಲ್ಲ, ಏಳು ಮಂದಿಯಲ್ಲಿ ಯಾರಾದರೂ ಆಗಿರಬಹುದು ಎಂದಳು. ಆಗ ಮೇಡಂ, "ಹೆರಳ ನಿಂದ ಇತ್ತಲ್ಲವಾ ದಿನಾ," ಎಂದರು. ಅಷ್ಟಕ್ಕೆ ಅವಳು ಗೀಜರಿನ ಮಾತು ಬಿಟ್ಟಳು. ನನ್ನನ್ನು, ಮೊದಲ ಸಲ ಯಾವತ್ತು ನೋಡಿದೆ ಎಂದು ಕೇಳಿದರು. ಬರೆದ ದಿನವನ್ನೇ ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಕೂಸಿನ ಕೈ ಎರಡು ಸಲ ನನ್ನನ್ನು ಕರೆದದ್ದು ಕಣ್ಣ ಮುಂದೆ ಬಂತು. ಹಿಂದಿನ ವಾರದ ಸೋಮವಾರವೇ ನೋಡಿದ್ದೆ ಎಂದೆ. ನನಗೂ ಒಂದು ಎಚ್ಚರಿಕೆಯ ಪತ್ರ ಬಂತು. ಅದನ್ನು ಮಡಚಿ ಇವತ್ತಿಗೂ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಕೆಲಸದಿಂದ ತೆಗೆದ ಮೇಲೆ ತನ್ನ ಸಾಮಾನು ತೆಗೆದುಕೊಂಡು ಹೋಗುವ ದಿನ ಅಕ್ಕ ಪಡಸಾಲೆಯಲ್ಲಿ ನನ್ನ ಮುಂದೆ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಅವಳ ದನಿ ಯಾವತ್ತಿನಂತೆ ಮೆತ್ತಗಿತ್ತು.

"ನೀ ಬಂದು ಮೊದಲ ನನಗ ಹೇಳಿದ್ಯಲ್ಲಾ, ಆವಾಗ ನಾ ಅಂದುಕೊಂಡೆ, ಇಕಿ ನಮ್ಮಾಕಿ, ಇನ್ನ ಯಾರಿಗೂ ಹೇಳಂಗಿಲ್ಲ ಅಂತ," ಎಂದಳು. ಉತ್ತರಕ್ಕೆ ಕಾಯದೆ ಗೇಟು ದಾಟಿ ಹೋದಳು.

ನಾನು ಹೇಳಿದ ಮಾತು ಅವಳಿಗೆ ಒಪ್ಪಿಗೆಯಾಗಿ ಕೇಳಿಸಿತ್ತು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಪತ್ರದಲ್ಲೂ ಬರೆಯಲಾಗುವುದಿಲ್ಲ.

ಈಗ ಹಿರಿಯ ಆಯಾ ನಾನೇ. ಕೆಲವರು ಹಿಂದಿನಿಂದ ಚಾಡಿಕೋರಿ ಅನ್ನುತ್ತಾರೆ, ಅನ್ನಲಿ. ಕೂಸಿನ ಗಾಯಗಳು ಮಾದವು, ಗುನುಗು ಪೂರ್ತಿ ಮರಳಿ ಬರಲಿಲ್ಲ. ಬೇರೆಯವರು ನೀರು ಹಾಕಿದರೆ ಸಹಿಸುವುದಿಲ್ಲ, ತಂಬಿಗೆ ತಾನೇ ಹಿಡಿಯುತ್ತಾಳೆ. ನಾನು ಬಾಗಿಲು ತೆರೆದಿಟ್ಟು ಬೆನ್ನು ಮಾಡಿ ನಿಲ್ಲುತ್ತೇನೆ. ಆಮೇಲೆ ನನ್ನ ಮುಂದೆ ಬಂದು ಕೂತು ತಲೆ ಕೊಡುತ್ತಾಳೆ. ಹೊಸದಾಗಿ ಬರುವವರಿಗೆಲ್ಲ ನಾನು ಮೊದಲ ದಿನವೇ ಅವಳ ಕೈಸನ್ನೆಗಳನ್ನು ಕಲಿಸುತ್ತೇನೆ. ಬಾಯಾರು ಹೇಳಿದ ಮಾತನ್ನೂ ಹೇಳುತ್ತೇನೆ.

ಹೋದ ವಾರದ ಸಂಗತಿ. ಮೊಣಕಾಲು ನೋವಿನಿಂದ ನಾನು ಎರಡು ದಿನದಿಂದ ಕಿರಿಕಿರಿಯಲ್ಲಿದ್ದೆ. ಜಡೆ ಹಾಕುವಾಗ ಕೂಸು ಮತ್ತೆ ಮತ್ತೆ ತಲೆ ತಿರುಗಿಸಿದಳು. "ಸುಮ್ನ ಕುಂಡ್ರು" ಎಂದು ಕೂದಲು ಹಿಡಿದು ಜಗ್ಗಿದೆ. ಜೋರಾಗಿಯೇ ಜಗ್ಗಿದೆ. ಅವಳ ಕಣ್ಣಲ್ಲಿ ನೀರು ಬಂತು. ಕೈ ಜೋರಲ್ಲ ಎಂದು ಹೇಳಿಕೊಂಡು ತಿರುಗಿದವಳು ನಾನು. ಬಾಚಣಿಗೆ ಕೆಳಗಿಟ್ಟು ಅವಳ ಗದ್ದ ಮುಟ್ಟಿ ತಪ್ಪಾಯಿತು ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ, ಬರೆಯಲೂ ಇಲ್ಲ.

ಎರಡು ದಿನ ಬಿಟ್ಟು, ಮೂರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಆಯಾ ನನ್ನ ಹತ್ತಿರ ಬಂದಳು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಎರಡು ಮಕ್ಕಳ ತಾಯಿ. ಅವಳಿಗೆ ಈ ಕೆಲಸ ಕೊಡಿಸಿದವಳು ನಾನೇ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

"ಅಕ್ಕಾರ, ಒಂದು ಮಾತು ಇತ್ರಿ. ಮೊದಲ ನಿಮಗ ಹೇಳಬೇಕಂತ ಬಂದೇನ್ರಿ," ಎಂದಳು.

ನಾನು ಅವಳ ಕಡೆ ತಿರುಗಿ ಕೂತೆ. "ಏನು?"

"ಕೂಸಿಗೆ ಯಾರೋ ನೋವು ಮಾಡ್ಯಾರಂತ ಕಾಣ್ತೈತ್ರಿ. ನಾ ಕೇಳಿದ್ದಕ್ಕ ಆಕಿ ಕೈ ಹಿಂಗ ಮಾಡಿ ತೋರಿಸಿದ್ಲು." ತೋರಿಸಲೆಂದು ಅವಳು ತನ್ನ ಬಲಗೈ ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದಿತ್ತು.

ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. "ಕೈ ಇಳಸು. ನನಗ ತೋರಿಸಬ್ಯಾಡ. ಬರದು ಮೇಡಂಗ ಕೊಡು."

"ಅಕ್ಕಾರ, ಅದು ನಿಮ್ಮ..."

"ಯಾರದರ ಇರ್ಲಿ. ಈಗ ಹೋಗು. ಹಾದ್ಯಾಗ ಯಾರ ಮುಂದೂ ನಿಂದ್ರಬ್ಯಾಡ."

ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ಹಿಡಿತ ಬಿಗಿಯಾಗಿದೆ ಎಂದು ಆಗ ತಿಳಿಯಿತು, ಬಿಟ್ಟೆ. ಅವಳು ಹಜಾರದ ಉದ್ದಕ್ಕೂ ನಡೆದು ಮೇಡಂ ಕೋಣೆಯ ಬಾಗಿಲು ತಟ್ಟಿದ್ದು ಕೇಳಿಸಿತು. ಎದ್ದು ಹೋಗಿ ಬಾಗಿಲಿಗೆ ಕಿವಿಗೊಡಬೇಕು ಅನ್ನಿಸಿತು, ಅಷ್ಟು ಹೆದರಿದ್ದೆ. ಆ ಕೈ ಮುಂದೆ ಕೂದಲನ್ನು ಮೇಲಕ್ಕೆ ಎಳೆದು ಹೋದ ಅಕ್ಕನನ್ನು ನೆನೆಯುವುದಿತ್ತೋ, ಸಡಿಲವಾಗಿ ಕೆಳಕ್ಕೆ ಇಳಿದು ನನ್ನ ಹೆಸರಾಗುವುದಿತ್ತೋ ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕೂಸು ಒದ್ದೆ ಕೂದಲು ಬಿಟ್ಟುಕೊಂಡು, ಬಾಚಣಿಗೆ ಹಿಡಿದು ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು. ನಾನು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಮೇಡಂ ಕರೆಯುವ ತನಕ ಅವಳ ತಲೆ ಮುಟ್ಟಲಿಲ್ಲ.